ಯಾವುದಕ್ಕೆ ಯಾವುದು ಆಧಾರ? – ಲಿನಕ್ಸ್ ಪ್ಯಾಕೇಜುಗಳ ಅವಲಂಬನೆ

ದೇವನಹಳ್ಳಿ ತಾಲ್ಲೂಕಿನ ಯಾವುದೋ ಒಂದು ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯನ್ನು ಊಹಿಸಿಕೊಳ್ಳಿ. ಅಲ್ಲಿರುವುದು ಹತ್ತು ಹಳೆಯ ಯಂತ್ರಗಳು. ವಿಜ್ಞಾನ ಶಿಕ್ಷಕರು ಬಿಡುವಿನ ವೇಳೆಯಲ್ಲಿ ಅವುಗಳಿಗೆ ಡೆಬಿಯನ್ ಲಿನಕ್ಸ್ ಅಳವಡಿಸಿದ್ದಾರೆ. ಹಾರ್ಡ್ ಡಿಸ್ಕಿನಲ್ಲಿ ಜಾಗ ಕಡಿಮೆ ಇರುವುದರಿಂದ ‘ಅತ್ಯಗತ್ಯವಾದುದಷ್ಟೇ ಸಾಕು’ ಎಂದು ಆರಿಸಿದ್ದಾರೆ. ಅರ್ಕಾವತಿ ನದಿಯ ಬಗ್ಗೆ ಕನ್ನಡದಲ್ಲಿ ಬರೆದಿಟ್ಟಿದ್ದ ಪಾಠವನ್ನು ಮರುದಿನ ಮಕ್ಕಳ ಮುಂದೆ ತೆರೆದರೆ ಪರದೆಯ ತುಂಬ ಚೌಕಗಳು! ಪ್ರತಿಯೊಂದು ಚೌಕದೊಳಗೆ ನಾಲ್ಕು ಸಣ್ಣ ಚಿಹ್ನೆಗಳು. ‘ಕ’ ಇರಬೇಕಾದ ಕಡೆ 0ಸಿ95 ಎಂದಿದೆ.

ಏನೋ ಕೊರತೆಯಾಗಿದೆ ಎಂದುಕೊಂಡು ಶಿಕ್ಷಕರು ಪರೀಕ್ಷೆಯ ಆದೇಶ ಕೊಡುತ್ತಾರೆ. ಯಂತ್ರ ಯಾವ ದೂರನ್ನೂ ಹೇಳುವುದಿಲ್ಲ. ಅದರ ಲೆಕ್ಕದಲ್ಲಿ ಬೇಕಾದುದೆಲ್ಲ ಇದೆ, ಯಾವುದೂ ಮುರಿದಿಲ್ಲ. ಆದರೂ ಕನ್ನಡ ಕಾಣುತ್ತಿಲ್ಲ. ಯಂತ್ರ ಹೇಳುತ್ತಿರುವುದು ಸುಳ್ಳೆ?

ಸುಳ್ಳಲ್ಲ. ಅದಕ್ಕೆ ಬರೆದುಕೊಟ್ಟ ಪಟ್ಟಿಯ ಪ್ರಕಾರ ಅದು ಸರಿಯಾಗಿಯೇ ಹೇಳುತ್ತಿದೆ. ಹಾಗಾದರೆ ಆ ಪಟ್ಟಿಯನ್ನು ಬರೆಯುವವರು ಯಾರು? ಹೇಗೆ ಬರೆಯುತ್ತಾರೆ? ಅದು ಸರಿಯಾಗಿದೆಯೇ ಎಂದು ನೋಡಲು ಯಾವ ಸಲಕರಣೆಗಳಿವೆ? ಈ ಲೇಖನದಲ್ಲಿ ಅದನ್ನು ತಿಳಿಯೋಣ. ನಮ್ಮ ರಾಜ್ಯದ ಶಿಕ್ಷಕರಿಗೆ ಇದು ದೂರದ ವಿಷಯವೇನಲ್ಲ. ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಗಳು 2011ರ ಸುಮಾರಿಗೆ ಆರಂಭಿಸಿದ ‘ವಿಷಯ ಶಿಕ್ಷಕರ ವೇದಿಕೆ’ ಕಾರ್ಯಕ್ರಮದಲ್ಲಿ ಅನೇಕ ಶಿಕ್ಷಕರು ಉಬುಂಟು ಲಿನಕ್ಸ್ ಬಳಸಲು ಕಲಿತರು. ಆ ಉಬುಂಟುವಿಗೆ ಮೂಲ ಡೆಬಿಯನ್.

ಮಗ್ಗದಿಂದ ಆರಂಭಿಸೋಣ

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳನ್ನು ನೋಡಿದವರಿಗೆ ಅವಲಂಬನೆ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಒಂದು ರೇಷ್ಮೆ ಸೀರೆ ನೇಯಲು ಹಾಸಿನ ನೂಲು ಬೇಕು, ಹೊಕ್ಕಿನ ನೂಲು ಬೇಕು, ಜರಿ ಬೇಕು, ಅಂಚಿನ ವಿನ್ಯಾಸಕ್ಕೆ ತೂತು ಹೊಡೆದ ಜಕಾರ್ಡ್ ಕಾರ್ಡುಗಳು ಬೇಕು. ಹಾಸು ಹೂಡಬೇಕಾದರೆ ಬಣ್ಣ ಹಾಕಿದ ನೂಲು ಬೇಕು. ಬಣ್ಣ ಹಾಕಬೇಕಾದರೆ ಹುರಿ ಮಾಡಿದ ನೂಲು ಬೇಕು. ಅದಕ್ಕೆ ಮೊದಲು ಯಾರೋ ಗೂಡಿನಿಂದ ನೂಲು ಬಿಚ್ಚಿರಬೇಕು. ಅದಕ್ಕೂ ಮೊದಲು ಶಿಡ್ಲಘಟ್ಟದಂಥ ಮಾರುಕಟ್ಟೆಯಲ್ಲಿ ಗೂಡು ಸಿಕ್ಕಿರಬೇಕು.

ಇಲ್ಲಿ ಎರಡು ಬಗೆಯ ಪ್ರಶ್ನೆಗಳನ್ನು ಕೇಳಬಹುದು. ಒಂದು: ‘ಈ ಸೀರೆಗೆ ಏನೇನು ಬೇಕು?’ ಇದು ನೇಕಾರರ ಪ್ರಶ್ನೆ. ಎರಡು: ‘ನಾಳೆಯಿಂದ ನಾನು ಬಣ್ಣದ ವಿಧಾನ ಬದಲಾಯಿಸಿದರೆ ಯಾವ ಯಾವ ಮಗ್ಗಕ್ಕೆ ತೊಂದರೆ?’ ಇದು ಬಣ್ಣ ಹಾಕುವವರ ಪ್ರಶ್ನೆ. ಮೊದಲನೆಯದನ್ನು ನೇರ ಅವಲಂಬನೆ ಎಂದೂ ಎರಡನೆಯದನ್ನು ಹಿಮ್ಮುಖ ಅವಲಂಬನೆ ಎಂದೂ ಕರೆಯೋಣ. ಲಿನಕ್ಸಿನಲ್ಲಿ ತಂತ್ರಾಂಶ ಬಳಸುವವರಿಗೆ ಮೊದಲನೆಯ ಪ್ರಶ್ನೆ ಸಾಕು. ತಂತ್ರಾಂಶವನ್ನು ಸಿದ್ಧಪಡಿಸಿ ಕೊಡುವವರಿಗೆ ಎರಡೂ ಬೇಕು.

ಪ್ಯಾಕೇಜು ಮತ್ತು ಅದರ ಪಾಲಕ

ಲಿನಕ್ಸಿನಲ್ಲಿ ತಂತ್ರಾಂಶಗಳನ್ನು ಪ್ಯಾಕೇಜುಗಳ ರೂಪದಲ್ಲಿ ಹಂಚುತ್ತಾರೆ. ಪ್ಯಾಕೇಜು ಎಂದರೆ ತಂತ್ರಾಂಶದ ಕಡತಗಳು ಮತ್ತು ಅವುಗಳ ಜೊತೆಗೆ ಒಂದು ವಿವರಪತ್ರ ಇರುವ ಗಂಟು. ಹೆಸರು, ಆವೃತ್ತಿಯ ಸಂಖ್ಯೆ, ಇದು ಕೆಲಸ ಮಾಡಲು ಇನ್ನು ಯಾವ ಪ್ಯಾಕೇಜುಗಳಿರಬೇಕು ಎಂಬ ಪಟ್ಟಿ – ಇವೆಲ್ಲ ಆ ವಿವರಪತ್ರದಲ್ಲಿರುತ್ತವೆ. ಪ್ರತಿಯೊಂದು ಪ್ಯಾಕೇಜಿಗೂ ಒಬ್ಬ ಪಾಲಕ ಅಥವಾ ಪಾಲಕರ ಒಂದು ತಂಡ ಇರುತ್ತದೆ. ತಂತ್ರಾಂಶವನ್ನು ಬರೆದವರು ಬೇರೆಯವರಿರಬಹುದು. ಅದನ್ನು ತಂದು, ಕಟ್ಟಿ, ವಿವರಪತ್ರ ಬರೆದು, ದೋಷ ಬಂದಾಗ ಉತ್ತರಿಸುವವರು ಪಾಲಕರು. ಡೆಬಿಯನ್‌ನಲ್ಲಿ ಇವರು ಸ್ವಯಂಸೇವಕರು.

ಇಯಾನ್ ಮರ್ಡಾಕ್ 1993ರಲ್ಲಿ ಡೆಬಿಯನ್ ಯೋಜನೆಯನ್ನು ಪ್ರಕಟಿಸಿದರು. 1996ರ ಡೆಬಿಯನ್ 1.1ರಲ್ಲಿ 474 ಪ್ಯಾಕೇಜುಗಳಿದ್ದವು. 2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13ರಲ್ಲಿ ಅವುಗಳ ಸಂಖ್ಯೆ 69,830. ನಾಲ್ಕುನೂರು ಪ್ಯಾಕೇಜುಗಳ ಸಂಬಂಧಗಳನ್ನು ಕಾಗದದ ಮೇಲೆ ಬರೆದಿಡಬಹುದೇನೋ. ಎಪ್ಪತ್ತು ಸಾವಿರವನ್ನು ಬರೆದಿಡಲಾಗದು.

ವಿವರಪತ್ರದಲ್ಲಿ ಸಂಬಂಧಗಳನ್ನು ಕೆಲವು ದರ್ಜೆಗಳಾಗಿ ಬರೆಯುತ್ತಾರೆ. ‘ಡಿಪೆಂಡ್ಸ್’ ಎಂದರೆ ಇದಿಲ್ಲದೆ ನಡೆಯುವುದೇ ಇಲ್ಲ. ‘ರೆಕಮೆಂಡ್ಸ್’ ಎಂದರೆ ಸಾಮಾನ್ಯವಾಗಿ ಎಲ್ಲರಿಗೂ ಬೇಕಾದೀತು, ಆದರೆ ಇಲ್ಲದಿದ್ದರೂ ತಂತ್ರಾಂಶ ಓಡುತ್ತದೆ. ‘ಸಜೆಸ್ಟ್ಸ್’ ಎಂದರೆ ಇದ್ದರೆ ಒಳ್ಳೆಯದು. ‘ಕಾನ್‌ಫ್ಲಿಕ್ಟ್ಸ್’ ಎಂದರೆ ಇವೆರಡೂ ಒಟ್ಟಿಗೆ ಇರಕೂಡದು. ತಂತ್ರಾಂಶವನ್ನು ಅದರ ಮೂಲದಿಂದ ಕಟ್ಟುವಾಗ ಮಾತ್ರ ಬೇಕಾದವುಗಳಿಗೆ ‘ಬಿಲ್ಡ್-ಡಿಪೆಂಡ್ಸ್’ ಎಂಬ ಬೇರೆ ಪಟ್ಟಿ ಇದೆ. ಮಗ್ಗದ ಮನೆ ಕಟ್ಟಿದ ಗಾರೆಯವರು ಪ್ರತಿ ಸೀರೆಗೂ ಬರಬೇಕಿಲ್ಲವಲ್ಲ, ಹಾಗೆ.

ಒಂದು ‘ಕ’ದ ಹಿಂದೆ ಎಷ್ಟು ಪ್ಯಾಕೇಜುಗಳು?

‘ಅರ್ಕಾವತಿ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕಂಪ್ಯೂಟರಿನ ಸ್ಮೃತಿಯಲ್ಲಿ ಇದು ಎಂಟು ಯೂನಿಕೋಡ್ ಸಂಕೇತಗಳ ಸಾಲು: ಅ, ರ, ಹಲಂತದ ಗುರುತು, ಕ, ದೀರ್ಘದ ಗುರುತು, ವ, ತ, ಗುಡಿಸು. ಸ್ಮೃತಿಯಲ್ಲಿ ‘ರ’ ಮೊದಲು, ‘ಕ’ ಅನಂತರ. ಆದರೆ ಪರದೆಯ ಮೇಲೆ ‘ರ’ ಅರ್ಕಾವೊತ್ತಾಗಿ ‘ಕಾ’ದ ಬಲಕ್ಕೆ ಬರಬೇಕು. ಈ ಸ್ಥಾನಪಲ್ಲಟ ಮಾಡುವ ಲೈಬ್ರರಿಯ ಹೆಸರು ಹಾರ್ಫ್‌ಬಜ್. ಸಾಲುಗಳನ್ನು ಜೋಡಿಸುವುದು ಪ್ಯಾಂಗೋ. ಅಕ್ಷರದ ಗೆರೆಗಳನ್ನು ಪರದೆಯ ಚುಕ್ಕಿಗಳಾಗಿ ಬದಲಾಯಿಸುವುದು ಫ್ರೀಟೈಪ್. ಯಾವ ಫಾಂಟ್ ಬಳಸಬೇಕೆಂದು ಹುಡುಕಿಕೊಡುವುದು ಫಾಂಟ್‌ಕಾನ್ಫಿಗ್.

ಈಗ ಸರಪಳಿ ನೋಡಿ. ಬರೆಯುವ ಸಂಪಾದಕ ತಂತ್ರಾಂಶ ಜಿಟಿಕೆಯನ್ನು ಅವಲಂಬಿಸುತ್ತದೆ. ಜಿಟಿಕೆಗೆ ಪ್ಯಾಂಗೋ ಬೇಕು. ಪ್ಯಾಂಗೋಗೆ ಹಾರ್ಫ್‌ಬಜ್ ಮತ್ತು ಫಾಂಟ್‌ಕಾನ್ಫಿಗ್ ಬೇಕು. ಹಾರ್ಫ್‌ಬಜ್‌ಗೆ ಫ್ರೀಟೈಪ್ ಬೇಕು. ಫ್ರೀಟೈಪ್‌ಗೆ ಲಿಬ್‌ಪಿಎನ್‌ಜಿ, ಅದಕ್ಕೆ ಜಡ್‌ಲಿಬ್, ಇವೆಲ್ಲಕ್ಕೂ ಲಿಬ್‌ಸಿ. ಕಡತಗಳನ್ನು ಕುಗ್ಗಿಸಿ ಹಿಗ್ಗಿಸುವ ಕೆಲಸ ಮಾಡುವ ಜಡ್‌ಲಿಬ್‌ಗೂ ಕನ್ನಡಕ್ಕೂ ಎತ್ತಣ ಸಂಬಂಧ? ಆದರೂ ಅದು ಕೆಟ್ಟರೆ ನಿಮ್ಮ ‘ಅರ್ಕಾವತಿ’ ಕಾಣುವುದಿಲ್ಲ.

ಮೊದಲು ಯಾವುದು?

ಈ ಸಂಬಂಧಗಳನ್ನು ಬಾಣದ ಗುರುತುಗಳಿಂದ ಬರೆದರೆ ಒಂದು ಜಾಲನಕ್ಷೆ ಸಿಗುತ್ತದೆ. ಪ್ರತಿಯೊಂದು ಪ್ಯಾಕೇಜು ಒಂದು ಬಿಂದು, ಪ್ರತಿಯೊಂದು ಅವಲಂಬನೆ ಒಂದು ಬಾಣ. ಅಳವಡಿಸುವಾಗ ಯಾವುದನ್ನು ಮೊದಲು ಹಾಕಬೇಕು? ಇದಕ್ಕೆ ಎ. ಬಿ. ಕಾನ್ 1962ರಲ್ಲಿ ಪ್ರಕಟಿಸಿದ ಸರಳ ವಿಧಾನವಿದೆ. ಯಾವುದನ್ನೂ ಅವಲಂಬಿಸದ ಬಿಂದುಗಳನ್ನು ಮೊದಲು ಆರಿಸಿ ಬರೆದುಕೊಳ್ಳಿ. ಅವುಗಳನ್ನೂ ಅವುಗಳತ್ತ ಬರುವ ಬಾಣಗಳನ್ನೂ ನಕ್ಷೆಯಿಂದ ಅಳಿಸಿ. ಈಗ ಮತ್ತೆ ಕೆಲವು ಬಿಂದುಗಳು ಸ್ವತಂತ್ರವಾಗುತ್ತವೆ. ಅವುಗಳನ್ನು ಬರೆದುಕೊಳ್ಳಿ, ಅಳಿಸಿ. ನಕ್ಷೆ ಖಾಲಿಯಾದಾಗ ನಿಮ್ಮ ಕೈಯಲ್ಲಿ ಸರಿಯಾದ ಕ್ರಮ ಇರುತ್ತದೆ.

ಮಗ್ಗದ ನಕ್ಷೆಯಲ್ಲಿ ಇದನ್ನು ಮಾಡಿ ನೋಡಿದರೆ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಕಾರ್ಡುಗಳಿಗೆ ತೂತು ಹೊಡೆಯುವುದೂ ನೂಲಿಗೆ ಬಣ್ಣ ಹಾಕುವುದೂ ಒಂದನ್ನೊಂದು ಕಾಯಬೇಕಿಲ್ಲ. ಎರಡೂ ಏಕಕಾಲದಲ್ಲಿ ನಡೆಯಬಹುದು.

ಸ್ವತಂತ್ರ ಬಿಂದು ಒಂದೂ ಸಿಗದೆ ನಕ್ಷೆ ಇನ್ನೂ ಉಳಿದಿದ್ದರೆ? ಎಲ್ಲೋ ಒಂದು ಸುತ್ತು ಇದೆ ಎಂದರ್ಥ. ಅ ಗೆ ಆ ಬೇಕು, ಆ ಗೆ ಅ ಬೇಕು ಎಂಬಂತೆ. ಇದು ಕಾಲ್ಪನಿಕವೇನಲ್ಲ. ಜಿಸಿಸಿ ಎಂಬ ಸಿ ಭಾಷೆಯ ಸಂಕಲಕವನ್ನು ಕಟ್ಟಲು ಈಗಾಗಲೇ ಒಂದು ಸಂಕಲಕ ಇರಬೇಕು. ಅಲ್ಲಿ ಹಳೆಯ ಆವೃತ್ತಿಯಿಂದ ಹೊಸದನ್ನು ಕಟ್ಟುತ್ತಾರೆ, ಮೊಸರಿಗೆ ನಿನ್ನೆಯ ಹೆಪ್ಪು ಹಾಕಿದಂತೆ.

ಆಯ್ಕೆ ಬಂದಾಗ ತರ್ಕ

ಇಲ್ಲಿಯವರೆಗೆ ಸುಲಭ. ಕಷ್ಟ ಬರುವುದು ‘ಅಥವಾ’ ಮತ್ತು ‘ಕೂಡದು’ ಎಂಬ ಎರಡು ಪದಗಳಿಂದ. ಅ ಎಂಬ ಪ್ಯಾಕೇಜಿಗೆ ‘ಇ ಅಥವಾ ಈ’ ಸಾಕು ಎನ್ನೋಣ. ಆ ಎಂಬ ಪ್ಯಾಕೇಜು ಇ ಜೊತೆಗೆ ಇರಕೂಡದು. ನಿಮಗೆ ಅ ಮತ್ತು ಆ ಎರಡೂ ಬೇಕು. ಇ ಹಾಕಿದರೆ ಆ ಕೆಡುತ್ತದೆ. ಆದ್ದರಿಂದ ಈ ಯನ್ನೇ ಹಾಕಬೇಕು. ನಾಲ್ಕು ಪ್ಯಾಕೇಜಾದರೆ ಬಾಯಿಲೆಕ್ಕದಲ್ಲೇ ಉತ್ತರ ಸಿಗುತ್ತದೆ. ಪ್ರತಿಯೊಂದು ಪ್ಯಾಕೇಜೂ ‘ಇದೆ’ ಅಥವಾ ‘ಇಲ್ಲ’ ಎಂಬ ಎರಡು ಸ್ಥಿತಿಗಳಲ್ಲಿರಬಹುದು. ಮೂವತ್ತು ಪ್ಯಾಕೇಜುಗಳಿದ್ದರೆ ಒಟ್ಟು ಸಾಧ್ಯತೆಗಳು ಎರಡರ ಮೂವತ್ತನೆಯ ಘಾತ, ಅಂದರೆ 107 ಕೋಟಿಗೂ ಹೆಚ್ಚು!

ಗಣಿತದಲ್ಲಿ ಇದಕ್ಕೆ ಸಮಾನವಾದ ಸಮಸ್ಯೆಯೊಂದಿದೆ. ಸತ್ಯ-ಅಸತ್ಯ ಬೆಲೆಗಳನ್ನು ಪಡೆಯಬಲ್ಲ ಚರಗಳ ಒಂದು ತಾರ್ಕಿಕ ವಾಕ್ಯವನ್ನು ಸತ್ಯವಾಗಿಸಲು ಸಾಧ್ಯವೆ ಎಂಬುದೇ ಆ ಸಮಸ್ಯೆ. ಅದು ಎಂಥ ಕಠಿಣ ವರ್ಗಕ್ಕೆ ಸೇರಿದ್ದೆಂದು ಸ್ಟೀಫನ್ ಕುಕ್ 1971ರಲ್ಲಿ ತೋರಿಸಿದ್ದರು. ಪ್ಯಾಕೇಜುಗಳನ್ನು ಅಳವಡಿಸಬಹುದೆ ಎಂಬ ಪ್ರಶ್ನೆಯೂ ಅದೇ ವರ್ಗದ್ದೆಂದು ಯೂರೋಪಿನ ಈಡಾಸ್ ಯೋಜನೆಯ ಸಂಶೋಧಕರು 2006ರಲ್ಲಿ ಸಾಧಿಸಿದರು. ಹಾಗೆಂದು ಭಯಪಡಬೇಕಾಗಿಲ್ಲ. ನಿಜಜೀವನದ ಪ್ಯಾಕೇಜುಗಳ ನಕ್ಷೆ ಅಷ್ಟೊಂದು ಸಿಕ್ಕುಸಿಕ್ಕಾಗಿರುವುದಿಲ್ಲ. ಫೆಡೋರಾ ಮತ್ತು ಓಪನ್‌ಸೂಸೆಗಳಲ್ಲಿ ಬಳಸುವ ಲಿಬ್‌ಸಾಲ್ವ್ ಎಂಬ ತಂತ್ರಾಂಶ ತರ್ಕದ ಈ ವಿಧಾನದಿಂದಲೇ ಕ್ಷಣಾರ್ಧದಲ್ಲಿ ಉತ್ತರ ಕೊಡುತ್ತದೆ.

ಪಾಲಕರ ಸಲಕರಣೆಗಳು

ಪಾಲಕರು ಬಳಸುವ ಸಲಕರಣೆಗಳನ್ನು ಮೂರು ಗುಂಪು ಮಾಡಬಹುದು.

ಮೊದಲನೆಯದು ಪಟ್ಟಿ ಬರೆಯುವ ಸಲಕರಣೆ. ಡೆಬಿಯನ್‌ನಲ್ಲಿ ಇದಕ್ಕೆ ಡಿಪಿಕೆಜಿ-ಶ್‌ಲಿಬ್‌ಡೆಪ್ಸ್ ಎಂದು ಹೆಸರು. ಕಟ್ಟಿ ಮುಗಿದ ಯಂತ್ರಭಾಷೆಯ ಕಡತದೊಳಗೆ ‘ನನಗೆ ಇಂತಿಂಥ ಲೈಬ್ರರಿ ಬೇಕು’ ಎಂಬ ಗುರುತುಗಳಿರುತ್ತವೆ. ಈ ಸಲಕರಣೆ ಅವುಗಳನ್ನು ಓದಿ, ಆ ಲೈಬ್ರರಿ ಯಾವ ಪ್ಯಾಕೇಜಿನಲ್ಲಿದೆ, ಕನಿಷ್ಠ ಯಾವ ಆವೃತ್ತಿ ಬೇಕು ಎಂದು ಪತ್ತೆ ಮಾಡಿ ವಿವರಪತ್ರಕ್ಕೆ ತಾನೇ ಬರೆಯುತ್ತದೆ. ಪಾಲಕರು ಮರೆತರೂ ಇದು ಮರೆಯುವುದಿಲ್ಲ.

ಎರಡನೆಯದು ಹಿಮ್ಮುಖವಾಗಿ ಕೇಳುವ ಸಲಕರಣೆಗಳು. ಆಪ್ಟ್-ಕ್ಯಾಶ್‌ನ ಆರ್‌ಡಿಪೆಂಡ್ಸ್ ಆದೇಶ ‘ಈ ಪ್ಯಾಕೇಜನ್ನು ನೆಚ್ಚಿಕೊಂಡವರು ಯಾರು?’ ಎಂದು ಪಟ್ಟಿ ಕೊಡುತ್ತದೆ. ಕಟ್ಟುವಾಗ ನೆಚ್ಚಿಕೊಂಡವರನ್ನು ಬಿಲ್ಡ್-ಆರ್‌ಡೆಪ್ಸ್ ಹುಡುಕುತ್ತದೆ. ಡೆಬ್‌ಟ್ರೀ ಎಂಬುದು ಸಂಬಂಧಗಳನ್ನು ಚಿತ್ರವಾಗಿ ಬಿಡಿಸಿಕೊಡುತ್ತದೆ. ಫೆಡೋರಾದಲ್ಲಿ ಇದೇ ಕೆಲಸಕ್ಕೆ ಡಿಎನ್‌ಎಫ್‌ನ ರೆಪೊಕ್ವೆರಿ ಇದೆ.

ಮೂರನೆಯದು ಇಡೀ ಭಂಡಾರವನ್ನು ಕಾಯುವ ಸಲಕರಣೆಗಳು. ಈಡಾಸ್ ಯೋಜನೆಯ ಕೆಲಸದಿಂದ ಬೆಳೆದ ಡೋಸ್-ಡೆಬ್‌ಚೆಕ್, ಭಂಡಾರದಲ್ಲಿ ಅಳವಡಿಸಲು ಸಾಧ್ಯವೇ ಇಲ್ಲದ ಪ್ಯಾಕೇಜುಗಳನ್ನು ಕಾರಣಸಹಿತ ತೋರಿಸುತ್ತದೆ. ಬ್ರಿಟ್ನಿ ಎಂಬ ಇನ್ನೊಂದು ತಂತ್ರಾಂಶ ಕಾವಲುಗಾರನಂತೆ. ಹೊಸ ಆವೃತ್ತಿಯೊಂದು ಒಳಗೆ ಬಂದರೆ ಈಗಾಗಲೇ ಒಳಗಿರುವ ಬೇರೆ ಪ್ಯಾಕೇಜು ಕೆಡುವುದಾದರೆ ಅದು ಬಾಗಿಲು ತೆರೆಯುವುದಿಲ್ಲ.

ಇವುಗಳ ಅಗತ್ಯ ಎಷ್ಟೆಂಬುದಕ್ಕೆ ಒಂದು ಉದಾಹರಣೆ. ಕಂಪ್ಯೂಟರುಗಳು ಸಮಯವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. 32 ಬಿಟ್ ಸಂಖ್ಯೆಯಲ್ಲಿ ಈ ಎಣಿಕೆ 2,147,483,647ಕ್ಕೆ ತುಂಬಿಹೋಗುತ್ತದೆ. ಅದು ನಮ್ಮ ಸಮಯದಂತೆ 2038ರ ಜನವರಿ 19ರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಆಮೇಲೆ ಎಣಿಕೆ ತಿರುಗಿಬೀಳುತ್ತದೆ. ಇದನ್ನು ತಪ್ಪಿಸಲು ಡೆಬಿಯನ್ 2024ರಲ್ಲಿ 64 ಬಿಟ್ ಸಮಯಕ್ಕೆ ಬದಲಾಯಿತು. ಒಂದು ಲೈಬ್ರರಿ ಸಮಯವನ್ನು 64 ಬಿಟ್‌ನಲ್ಲಿ ಕೊಡುವಾಗ ಅದನ್ನು ನೆಚ್ಚಿಕೊಂಡ ತಂತ್ರಾಂಶ 32 ಬಿಟ್ ನಿರೀಕ್ಷಿಸುತ್ತಿದ್ದರೆ ಅನರ್ಥವಾಗುತ್ತದೆ. ಆದ್ದರಿಂದ ನೂರಾರು ಲೈಬ್ರರಿ ಪ್ಯಾಕೇಜುಗಳ ಹೆಸರಿಗೆ ಟಿ64 ಎಂಬ ಬಾಲ ಸೇರಿಸಿ, ಅವುಗಳನ್ನು ನೆಚ್ಚಿಕೊಂಡವನ್ನೆಲ್ಲ ಹುಡುಕಿ ಮತ್ತೆ ಕಟ್ಟಬೇಕಾಯಿತು. ನಾವು ಮೇಲೆ ಕಂಡ ಪ್ಯಾಂಗೋ ಬಳಸುವ ಜಿಲಿಬ್ ಲೈಬ್ರರಿಯೂ ಹೀಗೆ ಹೆಸರು ಬದಲಿಸಿಕೊಂಡಿತು. ಹಿಮ್ಮುಖ ಪಟ್ಟಿ ಇಲ್ಲದಿದ್ದರೆ ಇಂಥ ಕೆಲಸಕ್ಕೆ ಕೈಹಾಕುವುದೇ ಸಾಧ್ಯವಿರಲಿಲ್ಲ.

ಚೌಕಗಳ ಗುಟ್ಟು

ಈಗ ದೇವನಹಳ್ಳಿಯ ಕೊಠಡಿಗೆ ಮರಳೋಣ. ಸಂಪಾದಕ, ಜಿಟಿಕೆ, ಪ್ಯಾಂಗೋ, ಹಾರ್ಫ್‌ಬಜ್, ಫ್ರೀಟೈಪ್ ಎಲ್ಲವೂ ಆ ಯಂತ್ರಗಳಲ್ಲಿವೆ. ಸ್ವಾರಸ್ಯವೆಂದರೆ ಥಾಯ್ ಭಾಷೆಗೆ ಬೇಕಾದ ಲಿಬ್‌ಥಾಯ್ ಲೈಬ್ರರಿಯೂ ಇದೆ! ಥಾಯ್ ಬರವಣಿಗೆಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಸಾಲನ್ನು ಎಲ್ಲಿ ಮುರಿಯಬೇಕೆಂದು ತಿಳಿಯಲು ನಿಘಂಟಿನ ನೆರವು ಬೇಕು. ಅದಕ್ಕಾಗಿ ಪ್ಯಾಂಗೋ ಈ ಲೈಬ್ರರಿಯನ್ನು ಬಳಸುತ್ತದೆ. ಯಂತ್ರಭಾಷೆಯ ಕಡತದಲ್ಲೇ ಅದರ ಗುರುತಿರುವುದರಿಂದ ಡಿಪಿಕೆಜಿ-ಶ್‌ಲಿಬ್‌ಡೆಪ್ಸ್ ಅದನ್ನು ಕಂಡು ‘ಡಿಪೆಂಡ್ಸ್’ ಪಟ್ಟಿಗೆ ಸೇರಿಸಿದೆ.

ಫಾಂಟಿನ ಕಥೆ ಬೇರೆ. ಯಾವ ತಂತ್ರಾಂಶವೂ ಫಾಂಟನ್ನು ಲೈಬ್ರರಿಯಂತೆ ಜೋಡಿಸಿಕೊಂಡಿರುವುದಿಲ್ಲ. ಪಾಠ ತೆರೆದಾಗ, ಆ ಪಾಠದಲ್ಲಿ ಕನ್ನಡ ಅಕ್ಷರ ಎದುರಾದಾಗ ಮಾತ್ರ ಫಾಂಟ್‌ಕಾನ್ಫಿಗ್ ಹುಡುಕಲು ಹೊರಡುತ್ತದೆ. ಯಂತ್ರಭಾಷೆಯ ಕಡತವನ್ನು ಎಷ್ಟು ಬಗೆದು ನೋಡಿದರೂ ಈ ಅಗತ್ಯದ ಗುರುತು ಸಿಗುವುದಿಲ್ಲ.

ಹಾಗೆಂದು ಫಾಂಟಿನ ಬಗ್ಗೆ ಯಾರೂ ಯೋಚಿಸಿಲ್ಲವೆಂದಲ್ಲ. ಫಾಂಟ್‌ಕಾನ್ಫಿಗ್‌ನ ವಿವರಪತ್ರದಲ್ಲಿ ಪಾಲಕರು ಕೈಯಾರೆ ಒಂದು ‘ಅಥವಾ’ ಬರೆದಿದ್ದಾರೆ: ದೇಜಾವು ಅಥವಾ ಲಿಬರೇಶನ್ ಅಥವಾ ಪಟ್ಟಿಯಲ್ಲಿರುವ ಇನ್ನೊಂದು ಫಾಂಟ್ ಇರಲೇಬೇಕು. ಸಾಮಾನ್ಯವಾಗಿ ಬರುವುದು ದೇಜಾವು. ಅದರಲ್ಲಿ ಲ್ಯಾಟಿನ್ ಇದೆ, ಗ್ರೀಕ್ ಇದೆ, ಸಿರಿಲಿಕ್ ಇದೆ. ಕನ್ನಡ ಇಲ್ಲ. ತರ್ಕದ ಪ್ರಕಾರ ಷರತ್ತು ಪೂರೈಕೆಯಾಯಿತು. ಆದ್ದರಿಂದಲೇ ಯಂತ್ರ ‘ಕೊರತೆ ಇಲ್ಲ’ ಎಂದಿತು.

ಕನ್ನಡ ಫಾಂಟುಗಳು ಭಂಡಾರದಲ್ಲಿ ಇಲ್ಲವೆ? ಖಂಡಿತ ಇವೆ. ಲೋಹಿತ್ ಕನ್ನಡ, ಗುಬ್ಬಿ, ನವಿಲು ಫಾಂಟುಗಳನ್ನು ಪಾಲಕರು ಡೆಬಿಯನ್‌ಗೆ ಸೇರಿಸಿದ್ದಾರೆ. ಫಾಂಟ್ಸ್-ಕೆಎನ್‌ಡಿಎ ಎಂಬ ಪ್ಯಾಕೇಜೂ ಇದೆ. ಅದರೊಳಗೆ ಯಾವ ಫಾಂಟೂ ಇಲ್ಲ. ‘ನಾನು ಕನ್ನಡ ಫಾಂಟುಗಳನ್ನು ಅವಲಂಬಿಸುತ್ತೇನೆ’ ಎಂಬ ಪಟ್ಟಿ ಮಾತ್ರ ಇದೆ. ಅದನ್ನು ಹಾಕಿದರೆ ಅವೆಲ್ಲ ತಾವಾಗಿ ಬರುತ್ತವೆ. ಇಂಥ ಪ್ಯಾಕೇಜುಗಳನ್ನು ಬೇರೆಯವು ಬಹುಮಟ್ಟಿಗೆ ‘ರೆಕಮೆಂಡ್ಸ್’ ದರ್ಜೆಯಲ್ಲಿ ಕರೆಯುತ್ತವೆ. ಡೆಬಿಯನ್‌ನ ಆಪ್ಟ್ 2009ರ ಡೆಬಿಯನ್ 5ರಿಂದ ಈ ದರ್ಜೆಯವನ್ನೂ ಸಾಮಾನ್ಯವಾಗಿ ಹಾಕುತ್ತದೆ. ಆದರೆ ನಮ್ಮ ಶಿಕ್ಷಕರು ಜಾಗ ಉಳಿಸಲು ‘ಅತ್ಯಗತ್ಯವಾದುದಷ್ಟೇ ಸಾಕು’ ಎಂದಿದ್ದರಲ್ಲ, ಆಗ ಕನ್ನಡ ಹೊರಗುಳಿಯಿತು.

ಹಾಗಾದರೆ ಕನ್ನಡ ಫಾಂಟನ್ನು ಎಲ್ಲದಕ್ಕೂ ‘ಡಿಪೆಂಡ್ಸ್’ ಮಾಡಿಬಿಟ್ಟರೆ? ಅದೂ ಸರಿಯಲ್ಲ. ಆಗ ಬರ್ಮೀ, ಅರ್ಮೇನಿಯನ್, ಚೀನೀ ಎಲ್ಲ ಲಿಪಿಗಳ ಫಾಂಟುಗಳೂ ಪ್ರತಿಯೊಂದು ಯಂತ್ರಕ್ಕೂ ಕಡ್ಡಾಯವಾಗಬೇಕಾಗುತ್ತದೆ. ಯಾರಿಗೆ ಕನ್ನಡ ನಿಜವಾಗಿ ಬೇಕೋ ಅಲ್ಲಿ ಬರೆಯಬೇಕು. ಕನ್ನಡ ಪಾಠಗಳಿರುವ ಪ್ಯಾಕೇಜಿನಲ್ಲಿ, ಕನ್ನಡ ಡೆಸ್ಕ್‌ಟಾಪಿಗೆ ಬೇಕಾದುದನ್ನು ಒಟ್ಟುಗೂಡಿಸುವ ಪ್ಯಾಕೇಜಿನಲ್ಲಿ ಅದು ಇರಬೇಕು. ಇದನ್ನು ಕನ್ನಡ ಓದಬಲ್ಲವರೇ ಗಮನಿಸಿ ಹೇಳಬೇಕು. ಬೇರೆ ದೇಶದಲ್ಲಿರುವ ಪಾಲಕರ ಯಂತ್ರದಲ್ಲಿ ಕನ್ನಡ ಪಾಠ ತೆರೆದಿರುವುದೇ ಇಲ್ಲವಾದ್ದರಿಂದ ಅವರಿಗೆ ಚೌಕ ಕಂಡಿರುವುದೂ ಇಲ್ಲ.

ಸಲಕರಣೆಗೆ ಕಲಿಸಲೂಬಹುದು. ಫೆಡೋರಾದಲ್ಲಿ ಫಾಂಟಿನ ಪ್ಯಾಕೇಜು ಕಟ್ಟುವಾಗಲೇ ಅದರೊಳಗಿನ ಅಕ್ಷರಗಳನ್ನು ಪರೀಕ್ಷಿಸಿ, ‘ನಾನು ಕನ್ನಡ ಭಾಷೆಯ ಫಾಂಟು ಒದಗಿಸುತ್ತೇನೆ’ ಎಂಬ ಸಾಲನ್ನು ವಿವರಪತ್ರಕ್ಕೆ ತಾನಾಗಿ ಸೇರಿಸುವ ಏರ್ಪಾಡಿದೆ. 2009ರ ಫೆಡೋರಾ 11ರಲ್ಲಿ ಇದರ ಆಧಾರದಿಂದ, ಕಾಣದ ಭಾಷೆಯ ಫಾಂಟನ್ನು ಹುಡುಕಿ ಅಳವಡಿಸುವ ಸೌಲಭ್ಯ ಬಂತು. ಸಲಕರಣೆಗೆ ಮೊದಲು ಕಾಣದಿದ್ದ ಕೊಂಡಿ, ಯಾರೋ ಕಲಿಸಿದ ಮೇಲೆ ಕಾಣಿಸಿತು.

ಬರೆದಿದ್ದರೂ ಓದದ ಕೊಂಡಿ

ಮೇಲಿನದು ಪಟ್ಟಿಯಲ್ಲಿ ಬರೆಯದ ಕೊಂಡಿಯ ಕಥೆ. ಇನ್ನು ಬರೆದಿದ್ದರೂ ಯಾರೂ ಗಮನಿಸದ ಕೊಂಡಿಯ ಕಥೆ ಕೇಳಿ. 2024ರ ಮಾರ್ಚ್ ತಿಂಗಳಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರಿಗೆ ತಮ್ಮ ಡೆಬಿಯನ್ ಯಂತ್ರಕ್ಕೆ ದೂರದಿಂದ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎನಿಸಿತು. ಜಾಡು ಹಿಡಿದು ಹೋದಾಗ ಎಕ್ಸ್‌ಜಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿರುವುದು ಪತ್ತೆಯಾಯಿತು. ಮಾರ್ಚ್ 29ರಂದು ಅವರು ಅದನ್ನು ಜಗತ್ತಿಗೆ ತಿಳಿಸಿದರು.

ದೂರದಿಂದ ಪ್ರವೇಶ ಕೊಡುವುದು ಓಪನ್‌ಎಸ್‌ಎಸ್‌ಎಚ್. ಅದನ್ನು ಬರೆದವರು ಎಕ್ಸ್‌ಜಡ್ ಬಳಸಿರಲೇ ಇಲ್ಲ. ಆದರೆ ‘ನಾನು ಸಿದ್ಧ’ ಎಂಬ ಸಣ್ಣ ಸಂದೇಶವನ್ನು ಸಿಸ್ಟಮ್‌ಡಿಗೆ ಕಳುಹಿಸಲೆಂದು ಡೆಬಿಯನ್ ಮತ್ತು ಫೆಡೋರಾಗಳ ಪಾಲಕರು ಅದಕ್ಕೆ ಲಿಬ್‌ಸಿಸ್ಟಮ್‌ಡಿ ಜೋಡಿಸಿದ್ದರು. ಲಿಬ್‌ಸಿಸ್ಟಮ್‌ಡಿ ತನ್ನ ಬೇರೆ ಕೆಲಸಕ್ಕಾಗಿ ಎಕ್ಸ್‌ಜಡ್‌ನ ಲೈಬ್ರರಿಯನ್ನು ನೆಚ್ಚಿತ್ತು. ಹೀಗೆ ಎರಡು ಹೆಜ್ಜೆಗಳಲ್ಲಿ ಕಳ್ಳನಿಗೆ ಹೆಬ್ಬಾಗಿಲಿನ ದಾರಿ ಸಿಕ್ಕಿತು. ಅದೃಷ್ಟವಶಾತ್ ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದು ತಲುಪುವ ಮೊದಲೇ ಸಿಕ್ಕಿಬಿತ್ತು.

ಗಮನಿಸಿ: ಈ ಎರಡು ಹೆಜ್ಜೆಗಳೂ ವಿವರಪತ್ರಗಳಲ್ಲಿ ಸ್ಪಷ್ಟವಾಗಿ ಬರೆದಿದ್ದವು. ಆದೇಶ ಕೊಟ್ಟಿದ್ದರೆ ಸಲಕರಣೆ ತಕ್ಷಣ ತೋರಿಸುತ್ತಿತ್ತು. ‘ಇಷ್ಟು ಚಿಕ್ಕ ಸಂದೇಶಕ್ಕೆ ಇಷ್ಟು ದೊಡ್ಡ ಲೈಬ್ರರಿ ಬೇಕೆ?’ ಎಂದು ಕೇಳಬೇಕಾದವರು ಮನುಷ್ಯರು. ಆ ವರ್ಷವೇ ಲಿಬ್‌ಸಿಸ್ಟಮ್‌ಡಿಯ ನೆರವಿಲ್ಲದೆ ಆ ಸಂದೇಶ ಕಳುಹಿಸುವ ಸೌಲಭ್ಯ ಓಪನ್‌ಎಸ್‌ಎಸ್‌ಎಚ್‌ನಲ್ಲೇ ಬಂತು. ಆ ಬಾಣವನ್ನು ನಕ್ಷೆಯಿಂದ ಅಳಿಸಲಾಯಿತು.

ಎಕ್ಸ್‌ಜಡ್‌ನ ಕಥೆಯಲ್ಲಿ ಇನ್ನೊಂದು ನೋವಿನ ಅಂಶವಿದೆ. ಅದನ್ನು ಬಹುಕಾಲ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ‘ಬೇಗ ಮಾಡಿ, ಇನ್ನೊಬ್ಬರನ್ನು ಸೇರಿಸಿಕೊಳ್ಳಿ’ ಎಂಬ ಒತ್ತಡ ಬಂದಾಗ, ನೆರವಿಗೆ ಬಂದವರಂತೆ ನಟಿಸಿ ಎರಡು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿ ನಂಬಿಕೆ ಗಳಿಸಿದವರೇ ಈ ಮೋಸ ಮಾಡಿದ್ದು. ನಕ್ಷೆಯಲ್ಲಿ ಬಿಂದುವಾಗಿ ಕಾಣುವುದರ ಹಿಂದೆ ದಣಿದ ಒಬ್ಬ ವ್ಯಕ್ತಿ ಇರಬಹುದೆಂಬುದನ್ನು ಯಾವ ಸಲಕರಣೆಯೂ ತೋರಿಸುವುದಿಲ್ಲ.

ತರಗತಿಯಲ್ಲಿ ಮಾಡಿ ನೋಡಿ

1. ಮಕ್ಕಳಿಗೆ ಪರಿಚಯವಿರುವ ಒಂದು ಕಸುಬನ್ನು ಆರಿಸಿ. ದೊಡ್ಡಬಳ್ಳಾಪುರದಲ್ಲಿ ಸೀರೆ, ಬೇರೆ ಕಡೆ ಹಾಲಿನ ಡೇರಿ, ದ್ರಾಕ್ಷಿ ತೋಟ ಅಥವಾ ಬಿಸಿಯೂಟ ಆಗಬಹುದು. ಹತ್ತು ಬಿಂದುಗಳ ನಕ್ಷೆ ಬಿಡಿಸಿ, ಕಾನ್ ವಿಧಾನದಿಂದ ಕ್ರಮ ಕಂಡುಹಿಡಿಯಲಿ. ಅನಂತರ ಒಂದು ಬಿಂದುವನ್ನು ಮುಚ್ಚಿ ‘ಈಗ ಯಾವ ಯಾವುದು ನಿಲ್ಲುತ್ತದೆ?’ ಎಂದು ಕೇಳಿ.

2. ಲಿನಕ್ಸ್ ಯಂತ್ರವಿದ್ದರೆ ಜಡ್‌ಲಿಬ್‌ನ ಹಿಮ್ಮುಖ ಪಟ್ಟಿಯನ್ನೂ ಫಾಂಟ್ಸ್-ಕೆಎನ್‌ಡಿಎಯ ಹಿಮ್ಮುಖ ಪಟ್ಟಿಯನ್ನೂ ತೆಗೆದು ಉದ್ದ ಹೋಲಿಸಿ. ವ್ಯತ್ಯಾಸಕ್ಕೆ ಕಾರಣವನ್ನು ಮಕ್ಕಳೇ ಹೇಳಲಿ.

3. ಎಫ್‌ಸಿ-ಲಿಸ್ಟ್ ಆದೇಶಕ್ಕೆ ಕನ್ನಡದ ಭಾಷಾಸಂಕೇತ ಕೊಟ್ಟರೆ ಯಂತ್ರದಲ್ಲಿರುವ ಕನ್ನಡ ಫಾಂಟುಗಳ ಪಟ್ಟಿ ಬರುತ್ತದೆ. ಏನೂ ಬರದಿದ್ದರೆ ಚೌಕಗಳ ಕಾರಣ ಸಿಕ್ಕಂತೆಯೇ. ಚೌಕದೊಳಗಿನ ಸಂಖ್ಯೆ 0ಸಿ80ರಿಂದ 0ಸಿಎಫ್‌ಎಫ್‌ವರೆಗಿದ್ದರೆ ಅದು ಯೂನಿಕೋಡಿನ ಕನ್ನಡ ವಿಭಾಗ. ಅಂದರೆ ಪಾಠದ ಕಡತ ಕೆಟ್ಟಿಲ್ಲ, ಫಾಂಟು ಮಾತ್ರ ಇಲ್ಲ. ಹೆದರಿ ಕಡತವನ್ನು ಅಳಿಸಬೇಡಿ.

4. ಕನ್ನಡ ಕಾಣುತ್ತಿದ್ದರೂ ಬರೆಯಲಾಗದಿದ್ದರೆ ಅದು ಬೇರೆ ಸರಪಳಿ. ಕಗಪ ಕೀಲಿಮಣೆಯ ವಿನ್ಯಾಸ ಎಂ17ಎನ್ ದತ್ತಾಂಶದ ಪ್ಯಾಕೇಜಿನಲ್ಲಿದೆ. ಅದನ್ನು ಬಳಸಿಕೊಡುವುದು ಐಬಸ್. ಈ ಸರಪಳಿಯನ್ನೂ ಬಿಡಿಸಲು ಹೇಳಿ.

ಕೊನೆಯ ಕೆಲಸ ಶಿಕ್ಷಕರಿಗೆ. ಯಾವುದಾದರೂ ಪ್ಯಾಕೇಜು ಅಳವಡಿಸಿದ ಮೇಲೂ ಕನ್ನಡ ಸರಿಯಾಗಿ ಕಾಣದಿದ್ದರೆ ಅದನ್ನು ಸರಿಪಡಿಸಿಕೊಂಡು ಸುಮ್ಮನಾಗಬೇಡಿ. ಪ್ಯಾಕೇಜಿನ ಹೆಸರು, ಆವೃತ್ತಿ, ಏನು ಮಾಡಿದಾಗ ಏನಾಯಿತು ಎಂಬುದನ್ನು ಬರೆದು ಪಾಲಕರಿಗೆ ಕಳುಹಿಸಿ. ಡೆಬಿಯನ್‌ನಲ್ಲಿ ಇದಕ್ಕಾಗಿ ರಿಪೋರ್ಟ್‌ಬಗ್ ಎಂಬ ಸಲಕರಣೆಯಿದೆ. ಇ-ಮೇಲ್ ಬರೆಯಲು ಬಂದರೆ ಸಾಕು, ಪ್ರೋಗ್ರಾಮ್ ಬರೆಯಲು ಬರಬೇಕಿಲ್ಲ. ನೀವು ಬರೆದ ನಾಲ್ಕು ಸಾಲಿನಿಂದ ವಿವರಪತ್ರದಲ್ಲಿ ಒಂದು ಸಾಲು ಸೇರಿಕೊಂಡರೆ, ಮುಂದಿನ ವರ್ಷ ಹೊಸಕೋಟೆಯಲ್ಲೋ ನೆಲಮಂಗಲದಲ್ಲೋ ಇನ್ನೊಬ್ಬ ಶಿಕ್ಷಕರು ಅದೇ ತಂತ್ರಾಂಶ ಹಾಕಿದಾಗ ಅವರ ಮಕ್ಕಳಿಗೆ ಮೊದಲ ದಿನವೇ ‘ಅರ್ಕಾವತಿ’ ಕಾಣುತ್ತದೆ.